ಏಳಲೊಲ್ಲದ ಗೇಟ್‌ವೇ

‘ಸ್ಲೋ ಆಗಿದೆ’ ಎಂದು ಫೋನ್ ಬಂದರೆ ನನಗೆ ಸಂಕಟ. ‘ಸ್ಟಾರ್ಟೇ ಆಗ್ತಿಲ್ಲ’ ಎಂದು ಬಂದರೆ ಅರ್ಧ ನೆಮ್ಮದಿ. ಇದನ್ನು ಗಿರಾಕಿಗಳ ಎದುರು ಹೇಳುವಂತಿಲ್ಲ, ಹೇಳಿದರೆ ಸಿಟ್ಟಾಗುತ್ತಾರೆ. ತಮ್ಮ ಕೆಲಸವೆಲ್ಲ ನಿಂತು ಕೂತಿರುವಾಗ ಇವಳಿಗೆ ಎಂಥ ನೆಮ್ಮದಿ ಅಂತ. ಆದರೆ ಹುಬ್ಬಳ್ಳಿಯ ಮನೆಯಲ್ಲಿ ಕೂತು ಊರೂರಿನ ಸಣ್ಣಪುಟ್ಟ ಸಂಸ್ಥೆಗಳ ಸರ್ವರ್ ನೋಡಿಕೊಳ್ಳುವ ನನ್ನಂಥವಳಿಗೆ ಅನುಭವದಿಂದ ಗೊತ್ತು. ನಿಧಾನವಾದ ಪ್ರೋಗ್ರಾಂ ಯಾಕೆ ನಿಧಾನವಾಯಿತು ಎಂದು ತಾನಾಗಿ ಬಾಯಿ ಬಿಡುವುದಿಲ್ಲ. ಏಳಲು ಒಲ್ಲೆ ಎಂದ ಪ್ರೋಗ್ರಾಂ ಹೆಚ್ಚಿನ ಸಲ ಕಾರಣ ಹೇಳಿಯೇ ಮಲಗಿರುತ್ತದೆ. ಅದು ಎಲ್ಲಿ ಹೇಳಿದೆ ಎಂದು ಹುಡುಕಿ, ಪೂರ್ತಿ ಓದುವ ವ್ಯವಧಾನ ಬೇಕು, ಅಷ್ಟೆ.

ಗೇಟ್‌ವೇ ಅಂದರೇನು ಎಂದು ಮೊದಲು ಹೇಳಿಬಿಡುತ್ತೇನೆ. ಮೊಬೈಲಿನಲ್ಲಿ ನೀವು ಒಂದು ಶಾಲೆಯದೋ ಸಂಘದ್ದೋ ಆ್ಯಪ್ ತೆರೆದಾಗ ನಿಮ್ಮ ಕೋರಿಕೆ ನೇರವಾಗಿ ಲೆಕ್ಕ ಇಡುವ ಪ್ರೋಗ್ರಾಂ ಹತ್ತಿರ ಹೋಗುವುದಿಲ್ಲ. ಅದರ ಮುಂದೆ ಇನ್ನೊಂದು ಪ್ರೋಗ್ರಾಂ ಕೂತಿರುತ್ತದೆ, ಜಿಲ್ಲಾಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಕೌಂಟರಿನ ಹಾಗೆ. ಯಾರು ಯಾವ ಕೋಣೆಗೆ ಹೋಗಬೇಕು ಎಂದು ಹೇಳುವುದು ಕೌಂಟರಿನ ಕೆಲಸ, ಚಿಕಿತ್ಸೆ ಅದಕ್ಕೆ ಬರುವುದಿಲ್ಲ. ಆದರೆ ಒಳಗೆ ಎಷ್ಟು ಡಾಕ್ಟರುಗಳು ಕಾದು ಕೂತಿದ್ದರೂ ಕೌಂಟರ್ ತೆರೆಯದಿದ್ದರೆ ಒಬ್ಬ ರೋಗಿಯೂ ಒಳಗೆ ಹೋಗುವ ಹಾಗಿಲ್ಲ. ಈ ಮುಂದಿನ ಪ್ರೋಗ್ರಾಂಗೇ ಗೇಟ್‌ವೇ ಎನ್ನುತ್ತೇವೆ.

ನಾನು ಹೆಚ್ಚು ಬಳಸುವುದು ಎಂಜಿನ್‌ಎಕ್ಸ್ ಎಂಬುದನ್ನು. ರಷ್ಯಾದ ಇಗೋರ್ ಸಿಸೋಯೆವ್ ಅಲ್ಲಿನ ರಾಂಬ್ಲರ್ ಕಂಪನಿಯಲ್ಲಿದ್ದಾಗ ಬರೆಯಲು ಶುರುಮಾಡಿ, 2004ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಒಂದೇ ಯಂತ್ರ ಏಕಕಾಲಕ್ಕೆ ಹತ್ತು ಸಾವಿರ ಸಂಪರ್ಕಗಳನ್ನು ತಾಳಿಕೊಳ್ಳುವುದು ಹೇಗೆ ಎಂಬುದು ಆ ಕಾಲದ ದೊಡ್ಡ ಪ್ರಶ್ನೆಯಾಗಿತ್ತು. ಉತ್ತರವಾಗಿ ಬಂದ ಈ ಪ್ರೋಗ್ರಾಂ ಇವತ್ತು ಜಗತ್ತಿನ ದೊಡ್ಡ ದೊಡ್ಡ ಜಾಲತಾಣಗಳ ಮುಂದೆಯೂ ಇದೆ, ನಮ್ಮ ತಾಲೂಕು ಊರಿನ ಸಂಘದ ಹಿಂದಿನ ಕೋಣೆಯಲ್ಲೂ ಇದೆ. ಇಷ್ಟು ಶಕ್ತಿವಂತ ಪ್ರೋಗ್ರಾಂಗೆ ಸ್ವಂತ ತಿಳಿವಳಿಕೆ ಎಂಬುದು ಬಹಳ ಕಡಿಮೆ. ಯಾವ ಪೋರ್ಟಿನಲ್ಲಿ, ಅಂದರೆ ಯಂತ್ರದ ಯಾವ ಸಂಖ್ಯೆಯ ಬಾಗಿಲಲ್ಲಿ, ಕಿವಿಗೊಟ್ಟು ಕೂರಬೇಕು, ಯಾವ ವಿಳಾಸಕ್ಕೆ ಬಂದವರನ್ನು ಹಿಂದಿನ ಯಾವ ಪ್ರೋಗ್ರಾಂಗೆ ಕಳಿಸಬೇಕು, ಬ್ರೌಸರಿಗೆ ತೋರಿಸುವ ಭದ್ರತಾ ಸರ್ಟಿಫಿಕೇಟ್ ಎಲ್ಲಿದೆ, ಇವೆಲ್ಲವನ್ನೂ ಸಾದಾ ಅಕ್ಷರದ ಕಡತಗಳಲ್ಲಿ ಬರೆದಿಡಬೇಕು. ಇದೇ ಕಾನ್ಫಿಗರೇಶನ್. ನಮ್ಮ ಕಸುಬಿನ ಆಡುಮಾತಿನಲ್ಲಿ ‘ಕಾನ್ಫಿಗ್’.

ಓದುಗರು ಮನೆಯಲ್ಲೇ ಗುರುತಿಸಬಹುದಾದ ಒಂದು ವ್ಯತ್ಯಾಸ ಇದೆ. ಪರದೆಯ ಮೇಲೆ 502, ಬ್ಯಾಡ್ ಗೇಟ್‌ವೇ ಎಂದು ಬಂದರೆ ಹೆಸರು ಕೇಳಿ ಗೇಟ್‌ವೇ ಕೆಟ್ಟಿದೆ ಎಂದುಕೊಳ್ಳಬೇಡಿ. ಆ ಸಂದೇಶ ಕೊಡಲು ಗೇಟ್‌ವೇ ಬದುಕಿರಲೇಬೇಕು. ಹೆಚ್ಚಿನ ಸಲ ಸತ್ತಿರುವುದು ಅದರ ಹಿಂದಿನ ಪ್ರೋಗ್ರಾಂ. 504 ಬಂದರೆ ಹಿಂದಿನದು ಉತ್ತರ ಕೊಡಲು ತಡಮಾಡುತ್ತಿದೆ. ಗೇಟ್‌ವೇ ತಾನೇ ಎದ್ದಿಲ್ಲದಿದ್ದರೆ ಯಾವ ಅಂಕಿಯೂ ಬರುವುದಿಲ್ಲ. ಸಂಪರ್ಕ ಆಗುತ್ತಿಲ್ಲ, ಎದುರಿನವರು ನಿರಾಕರಿಸಿದರು ಎಂದು ಬ್ರೌಸರ್ ತನ್ನ ಮಾತಿನಲ್ಲೇ ಹೇಳಿ ಸುಮ್ಮನಾಗುತ್ತದೆ. ಫೋನ್ ಮಾಡುವವರು ಇದಿಷ್ಟನ್ನು ಹೇಳಿದರೆ ನನ್ನ ಕಾಲುಭಾಗ ಕೆಲಸ ಮುಗಿದಂತೆ.

ಒಂದು ಮಳೆಗಾಲದ ಪ್ರಸಂಗ ಹೇಳುತ್ತೇನೆ. ಶಿರಸಿ ಸೀಮೆಯ ಒಂದು ಸಹಕಾರ ಸಂಘ. ಸದಸ್ಯರು ಅಡಿಕೆ ಹಾಕಿದ ಲೆಕ್ಕ, ಬೆಳೆಸಾಲದ ಬಾಕಿ ಎಲ್ಲ ಮೊಬೈಲಿನಲ್ಲೇ ನೋಡಿಕೊಳ್ಳುತ್ತಾರೆ. ಸರ್ವರ್ ಇರುವುದು ಕಚೇರಿಯಲ್ಲೇ. ಆ ಕಡೆ ಜೂನ್‌ನಲ್ಲಿ ಕರೆಂಟ್ ಹೋದರೆ, ತಂತಿಯ ಮೇಲೆ ಬಿದ್ದ ಮರ ಯಾವುದು ಎಂದು ಲೈನ್‌ಮನ್‌ಗೆ ಸಿಗುವ ತನಕ ಬರುವುದಿಲ್ಲ. ಯುಪಿಎಸ್ ಬ್ಯಾಟರಿ ಇಳಿದು ಸರ್ವರ್ ಆರಿತು. ಮರುದಿನ ಕರೆಂಟ್ ಬಂತು, ಸರ್ವರ್ ತಾನಾಗಿ ಎದ್ದಿತು. ಆ್ಯಪ್ ಏಳಲಿಲ್ಲ.

ಕಾರ್ಯದರ್ಶಿಗಳು ಫೋನ್ ಮಾಡಿದರು. “ಮಷೀನ್ ಆನ್ ಆಗಿದೆ ಮೇಡಂ, ಲೈಟೂ ಉರೀತಾ ಇದೆ. ಆ್ಯಪ್ ಮಾತ್ರ ತೆಗೀತಾ ಇಲ್ಲ ಮಾರಾಯ್ರೆ. ರಾತ್ರಿ ಸಿಡಿಲು ಹೊಡೆದದ್ದಕ್ಕೆ ಒಳಗೆ ಏನೋ ಸುಟ್ಟಿರ್ಬೇಕು.”

ಸುಟ್ಟಿರಲಿಲ್ಲ. ಆಡಳಿತದ ಕೆಲಸಕ್ಕೆ ನಾವು ಬಳಸುವ ಎಸ್‌ಎಸ್‌ಎಚ್ ಎಂಬ ದಾರಿ ಗೇಟ್‌ವೇ ಮೂಲಕ ಹೋಗುವುದಿಲ್ಲ, ಅದರದೇ ಪ್ರತ್ಯೇಕ ಪೋರ್ಟ್. ಹಾಗಾಗಿ ಹುಬ್ಬಳ್ಳಿಯಿಂದಲೇ ಒಳಗೆ ಹೋಗಲು ಸಾಧ್ಯವಾಯಿತು. ಲಿನಕ್ಸ್ ಯಂತ್ರದಲ್ಲಿ ಇಂಥ ಸೇವೆಗಳನ್ನು ಎಬ್ಬಿಸುವ, ಮಲಗಿಸುವ ಮೇಸ್ತ್ರಿ ಕೆಲಸ ಸಿಸ್ಟಂಡಿ ಎಂಬ ಪ್ರೋಗ್ರಾಂನದು. ಅದರ ಹತ್ತಿರ ಸ್ಥಿತಿ ಕೇಳಿದೆ. ಕೆಂಪಕ್ಷರದಲ್ಲಿ ‘ಫೇಲ್ಡ್’. ಕೊನೆಯ ಸಾಲು, ಈ ಸೇವೆಯನ್ನು ಶುರುಮಾಡಲು ಆಗಲಿಲ್ಲ ಎಂದು. ಹೊಸಬರು ಈ ಸಾಲನ್ನು ಹಿಡಿದುಕೊಂಡು ಇಂಟರ್‌ನೆಟ್ಟಿನಲ್ಲಿ ಹುಡುಕುತ್ತಾರೆ, ಸಾವಿರ ಉತ್ತರ ಸಿಗುತ್ತದೆ, ಒಂದೂ ತಮ್ಮದಾಗಿರುವುದಿಲ್ಲ. ಆ ಸಾಲಿನಲ್ಲಿ ಹೊಸ ಸುದ್ದಿಯೇನೂ ಇಲ್ಲ. ಶುರುವಾಗಲಿಲ್ಲ ಎಂಬುದು ಕಾರ್ಯದರ್ಶಿಗಳಿಗೂ ಗೊತ್ತಿತ್ತು.

ಅದಕ್ಕಿಂತ ಒಂದೆರಡು ಸಾಲು ಮೇಲೆ, ಮುಖ್ಯ ಕಾನ್ಫಿಗ್ ಕಡತದ ಪರೀಕ್ಷೆ ವಿಫಲವಾಯಿತು ಎಂದು ಆ ಕಡತದ ಹೆಸರಿನ ಸಮೇತ ಇರುತ್ತದೆ. ಇದು ಇನ್ನೂ ದೊಡ್ಡ ಬಲೆ. ಹೆಸರು ನೋಡಿದ ಕೂಡಲೇ ಆ ಕಡತ ತೆರೆದು ತಿದ್ದಲು ಕೂರುವವರನ್ನು ಕಂಡಿದ್ದೇನೆ. ಸರಿಯಿದ್ದದ್ದೂ ಕೆಟ್ಟುಹೋಗುತ್ತದೆ. ನಿಜವಾದ ಮಾತು ಅದಕ್ಕೂ ಮೇಲಿನ ಸಾಲಿನಲ್ಲಿ, ಚೌಕ ಕಂಸದೊಳಗೆ ‘ಎಮರ್ಜ್’ ಎಂಬ ಗುರುತಿನ ಪಕ್ಕದಲ್ಲಿರುತ್ತದೆ. ಎಮರ್ಜೆನ್ಸಿಯ ಮೊಟಕು ರೂಪ ಅದು. ಅಲ್ಲಿ ಸ್ಪಷ್ಟವಾಗಿ ಬರೆದಿತ್ತು: ಇಂಥ ಫೋಲ್ಡರಿನ ಇಂಥ ಸರ್ಟಿಫಿಕೇಟನ್ನು ಓದಲು ಆಗಲಿಲ್ಲ, ಅಂಥ ಕಡತವೇ ಇಲ್ಲ. ಫೋಲ್ಡರಿನ ಹೆಸರು ನೋಡಿದರೆ ಸಂಘದ ಹಳೆಯ ವೆಬ್ ವಿಳಾಸ.

ಕಥೆ ಬಿಚ್ಚಿಕೊಂಡಿತು. ಫೆಬ್ರವರಿಯಲ್ಲಿ ಸಂಘ ಹೊಸ ವಿಳಾಸಕ್ಕೆ ಬದಲಾಗಿತ್ತು. ಆಗ ಗುತ್ತಿಗೆಯ ಮೇಲೆ ಬಂದವರು ಯಾರೋ ಹಳೆಯ ವಿಳಾಸದ ಸರ್ಟಿಫಿಕೇಟನ್ನು ಅಳಿಸಿ ಚೊಕ್ಕಟ ಮಾಡಿದ್ದರು. ಆದರೆ ಹಳೆಯ ವಿಳಾಸದ ಕಾನ್ಫಿಗ್ ಕಡತ ಗೇಟ್‌ವೇಯ ಫೋಲ್ಡರಿನಲ್ಲಿ ಹಾಗೇ ಉಳಿದಿತ್ತು, ಇಲ್ಲದ ಸರ್ಟಿಫಿಕೇಟಿನ ಕಡೆ ಬೊಟ್ಟು ಮಾಡಿಕೊಂಡು. ಫೆಬ್ರವರಿಯಲ್ಲೇ ಯಾಕೆ ಕೈಕೊಡಲಿಲ್ಲ? ಎಂಜಿನ್‌ಎಕ್ಸ್ ಏಳುವಾಗ ಕಾನ್ಫಿಗ್ಗನ್ನೂ ಸರ್ಟಿಫಿಕೇಟುಗಳನ್ನೂ ಒಮ್ಮೆ ಓದಿ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ಡಿಸ್ಕಿನ ಮೇಲಿನ ಕಡತ ಅಳಿಸಿದರೂ ಅದಕ್ಕೆ ತಿಳಿಯುವುದಿಲ್ಲ. ಕಾನ್ಫಿಗ್ ಮತ್ತೆ ಓದು ಎಂದು ನಡುವೆ ರೀಲೋಡ್ ಕೊಟ್ಟರೂ, ಹೊಸದರಲ್ಲಿ ತಪ್ಪು ಕಂಡರೆ ಅದನ್ನು ಲಾಗ್ ಕಡತದಲ್ಲಿ ಬರೆದಿಟ್ಟು ಹಳೆಯದರ ಮೇಲೇ ನಡೆಯುತ್ತಿರುತ್ತದೆ. ನಡೆಯುತ್ತಿರುವ ಸೇವೆ ನಿಲ್ಲಬಾರದು ಎಂಬ ಒಳ್ಳೆಯ ಉದ್ದೇಶ. ಲಾಗ್ ಓದುವವರಿಲ್ಲದ ಕಡೆ ಅದೇ ಮುಳುವು. ಕರೆಂಟ್ ಹೋದಾಗ ಆ ನೆನಪೂ ಹೋಯಿತು. ಮತ್ತೆ ಏಳುವಾಗ ಡಿಸ್ಕಿನಲ್ಲಿ ಹುಡುಕಿತು, ಸಿಗಲಿಲ್ಲ. ಫೆಬ್ರವರಿಯ ಕೆಲಸಕ್ಕೆ ಜೂನ್‌ನ ಸಿಡಿಲಿನ ಮೇಲೆ ಗೂಬೆ ಕೂತಿತು.

ರಿಪೇರಿ ಎನ್ನುವಂಥದ್ದು ಏನೂ ಇರಲಿಲ್ಲ. ಡೆಬಿಯನ್, ಉಬುಂಟು ಯಂತ್ರಗಳಲ್ಲಿ ಗೇಟ್‌ವೇಗೆ ಎರಡು ಫೋಲ್ಡರುಗಳಿರುತ್ತವೆ. ಒಂದರಲ್ಲಿ ಎಲ್ಲ ತಾಣಗಳ ಕಡತಗಳು, ಇನ್ನೊಂದರಲ್ಲಿ ಈಗ ಚಾಲ್ತಿಯಲ್ಲಿರುವವುಗಳ ಕಡೆಗೆ ಕೊಂಡಿಗಳು. ಹಳೆಯ ವಿಳಾಸದ ಕೊಂಡಿಯನ್ನು ತೆಗೆದೆ. ಎಂಜಿನ್‌ಎಕ್ಸ್‌ಗೆ ಅಡ್ಡಗೆರೆ ಹಾಕಿ ‘ಟಿ’ ಅಕ್ಷರ ಸೇರಿಸಿ ಕೊಟ್ಟರೆ ಅದು ಏಳದೆಯೇ ಕಾನ್ಫಿಗ್ಗನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಕೊಟ್ಟೆ, ಸರಿಯಿದೆ ಎಂದಿತು, ಎಬ್ಬಿಸಿದೆ, ಎದ್ದಿತು. ಸಿಡಿಲಲ್ಲ ಎಂದು ಕಾರ್ಯದರ್ಶಿಗಳನ್ನು ಒಪ್ಪಿಸಲು ಹೆಚ್ಚು ಹೊತ್ತು ಹಿಡಿಯಿತು. ಅಷ್ಟರಲ್ಲಿ ಯುಪಿಎಸ್ ಮೆಕ್ಯಾನಿಕ್ ಬಂದು ಕೂತಿದ್ದ.

ಅವರು ಕೇಳಿದ ಪ್ರಶ್ನೆಯಲ್ಲಿ ಮಾತ್ರ ಹುರುಳಿತ್ತು. “ಹಳೇ ವಿಳಾಸ ಯಾರಿಗೂ ಬೇಡ. ಅದರ ಕಾಗದ ಸಿಗಲಿಲ್ಲ ಅಂತ ಹೊಸದನ್ನೂ ಯಾಕೆ ನಿಲ್ಲಿಸ್ಬೇಕು? ಅದೊಂದನ್ನ ಬಿಟ್ಟು ಉಳಿದದ್ದು ನಡೆಸಬಹುದಿತ್ತಲ್ಲ?”

ಬಹಳ ಜನ ಇದನ್ನೇ ಕೇಳುತ್ತಾರೆ, ಅನುಭವಿ ಪ್ರೋಗ್ರಾಮರುಗಳೂ. ನನ್ನ ಉತ್ತರ ಖಡಾಖಂಡಿತ: ನಡೆಸಬಾರದು. ಒಂದೇ ಗೇಟ್‌ವೇ ಹಿಂದೆ ನಾಲ್ಕು ಸಂಸ್ಥೆಗಳ ತಾಣಗಳಿವೆ ಎಂದುಕೊಳ್ಳಿ. ಒಂದರ ಕಾನ್ಫಿಗ್ ಸಿಗಲಿಲ್ಲವೆಂದು ಅದನ್ನು ಬಿಟ್ಟು ಉಳಿದ ಮೂರನ್ನು ಎಬ್ಬಿಸಿದರೆ, ಬಿಟ್ಟುಹೋದ ವಿಳಾಸಕ್ಕೆ ಬಂದವರ ಗತಿ? ಯಾವ ತಾಣದ ಹೆಸರಿಗೂ ಹೊಂದದ ಕೋರಿಕೆಗಳನ್ನು, ಬೇರೆ ಏನೂ ಹೇಳಿರದಿದ್ದರೆ, ಎಂಜಿನ್‌ಎಕ್ಸ್ ತನ್ನ ಪಟ್ಟಿಯ ಮೊದಲ ತಾಣಕ್ಕೆ ಕಳಿಸುತ್ತದೆ. ಶಾಲೆಯ ವಿಳಾಸ ಹಾಕಿದ ಪೋಷಕರಿಗೆ ಪಕ್ಕದ ಆಸ್ಪತ್ರೆಯ ಲಾಗಿನ್ ಪುಟ ಕಾಣಬಹುದು. ಅದು ಕಂಡದ್ದು ಯಾರ ಗಮನಕ್ಕೂ ಬಾರದೆ ವಾರಗಟ್ಟಲೆ ನಡೆಯಬಹುದು. ಪೂರ್ತಿ ನಿಂತದ್ದು ಐದು ನಿಮಿಷದಲ್ಲಿ ಊರಿಗೆಲ್ಲ ಗೊತ್ತಾಗುತ್ತದೆ.

ಹೀಗೆ ಕಾನ್ಫಿಗ್ಗಿನ ಖಾಲಿ ಜಾಗವನ್ನು ಊಹೆಯಿಂದ ತುಂಬಿಕೊಂಡು ಎದ್ದ ಪ್ರೋಗ್ರಾಂಗಳು ಏನು ಮಾಡಿವೆ ಎನ್ನುವುದಕ್ಕೆ ಮೊಂಗೊಡಿಬಿ ಎಂಬ ದತ್ತಾಂಶ ಭಂಡಾರದ ಉದಾಹರಣೆ ಇದೆ. ಯಾರು ಒಳಗೆ ಬರಬಹುದು ಎಂದು ಕಾನ್ಫಿಗ್ಗಿನಲ್ಲಿ ಹೇಳದಿದ್ದರೆ, ಪಾಸ್‌ವರ್ಡ್ ಕೇಳದೆಯೇ ಅದು ಏಳುತ್ತಿತ್ತು. ಹಳೆಯ ಎಷ್ಟೋ ಸ್ಥಾಪನೆಗಳಲ್ಲಿ ಇಡೀ ಇಂಟರ್‌ನೆಟ್ಟಿಗೆ ತೆರೆದುಕೊಂಡೇ ಇರುತ್ತಿತ್ತು. ತಕರಾರಿಲ್ಲದೆ ಏಳುತ್ತದೆ, ಹಾಗಾಗಿ ಯಾರೂ ಕಾನ್ಫಿಗ್ ಕಡೆ ತಿರುಗಿ ನೋಡಿರಲಿಲ್ಲ. 2017ರ ಜನವರಿಯ ಹೊತ್ತಿಗೆ ಸುಲಿಗೆಕೋರರು ಹೀಗೆ ತೆರೆದಿದ್ದ ಸಾವಿರಾರು ಭಂಡಾರಗಳೊಳಗೆ ನುಗ್ಗಿ, ಮಾಹಿತಿ ಅಳಿಸಿ, ಬಿಟ್‌ಕಾಯಿನ್ ಕೊಟ್ಟರೆ ಹಿಂದಿರುಗಿಸುತ್ತೇವೆ ಎಂಬ ಚೀಟಿ ಬಿಟ್ಟುಹೋದರು. ಅದೇ ವರ್ಷ ಬಂದ 3.6ನೇ ಆವೃತ್ತಿಯಿಂದ, ಬೇರೆ ಹೇಳದಿದ್ದರೆ ತಾನಿರುವ ಯಂತ್ರದೊಳಗಿನವರ ಜತೆ ಮಾತ್ರ ಅದು ಮಾತಾಡುತ್ತದೆ.

ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಭಂಡಾರದ ಡಾಕರ್ ಪೊಟ್ಟಣ, ಅಂದರೆ ಬೇಕಾದದ್ದೆಲ್ಲ ಒಳಗೇ ತುಂಬಿ ಕಟ್ಟಿಕೊಟ್ಟ ಪ್ರೋಗ್ರಾಂ, ಇನ್ನೂ ಕಟ್ಟುನಿಟ್ಟು. ಮೊದಲ ಸಲ ಎಬ್ಬಿಸುವಾಗ ಮುಖ್ಯ ಬಳಕೆದಾರನ ಪಾಸ್‌ವರ್ಡ್ ಏನು ಎಂದು ಕೊಡದಿದ್ದರೆ ಅದು ಏಳುವುದೇ ಇಲ್ಲ. ಯಾವ ಹೆಸರಿನಲ್ಲಿ ಕೊಡಬೇಕು ಎಂದು ಸಂದೇಶದಲ್ಲೇ ಹೇಳುತ್ತದೆ. ಪಾಸ್‌ವರ್ಡ್ ಇಲ್ಲದೆ ಎಲ್ಲರನ್ನೂ ನಂಬುವ ದಾರಿಯೂ ಒಂದಿದೆ, ಆದರೆ ಅದು ತಕ್ಕದ್ದಲ್ಲ ಎಂಬ ಎಚ್ಚರಿಕೆಯನ್ನೂ ಅಲ್ಲೇ ಬರೆದಿದ್ದಾರೆ. ಏನು ಹೇಳಲಿ, ಜನ ಎಚ್ಚರಿಕೆ ಬಿಟ್ಟು ದಾರಿಯನ್ನಷ್ಟೇ ನಕಲು ಮಾಡಿಕೊಳ್ಳುತ್ತಾರೆ.

ಖಾಲಿ ಜಾಗದ ಮೂರನೆಯ ರೀತಿಯೂ ಇದೆ. ಕಾರಣ ಹೇಳಿ ನಿಲ್ಲುವುದೂ ಅಲ್ಲ, ಊಹಿಸಿ ನಡೆಯುವುದೂ ಅಲ್ಲ, ಮುಗ್ಗರಿಸಿ ಬೀಳುವುದು. 2025ರ ಜೂನ್ 12ರಂದು ನಮ್ಮ ಗಡಿಯಾರದಲ್ಲಿ ರಾತ್ರಿ 11.15 ದಾಟುವ ಹೊತ್ತಿಗೆ ಗೂಗಲ್ ಕ್ಲೌಡ್ ಹಾಗೆ ಬಿತ್ತು. ಅಲ್ಲಿ ಸರ್ವಿಸ್ ಕಂಟ್ರೋಲ್ ಎಂಬ ಭಾಗವಿದೆ. ಬರುವ ಪ್ರತಿ ಕೋರಿಕೆಗೂ ಅನುಮತಿ ಇದೆಯೇ, ಮಿತಿ ಮೀರಿದೆಯೇ ಎಂದು ನೋಡಿ ಒಳಗೆ ಬಿಡುವುದು ಅದರ ಕೆಲಸ. ಮೇ 29ರಂದು ಅದಕ್ಕೆ ಹೊಸ ತಪಾಸಣೆಯೊಂದನ್ನು ಸೇರಿಸಿದ್ದರು. ಆ ತಪಾಸಣೆ ಓದುವ ಮಾಹಿತಿಯಲ್ಲಿ ಏನಾದರೂ ಖಾಲಿಯಿದ್ದರೆ ಏನು ಮಾಡಬೇಕು ಎಂಬುದನ್ನು ಬರೆದಿರಲಿಲ್ಲ. ಎರಡು ವಾರ ಅಂಥ ಮಾಹಿತಿ ಬಂದಿರಲೂ ಇಲ್ಲ. ಜೂನ್ 12ರಂದು ಖಾಲಿ ಅಂಕಣಗಳಿದ್ದ ಒಂದು ನೀತಿ ದಾಖಲೆ ಸೇರಿತು, ಕೆಲವೇ ಸೆಕೆಂಡುಗಳಲ್ಲಿ ಜಗತ್ತಿನ ಎಲ್ಲ ಪ್ರದೇಶಗಳಿಗೂ ನಕಲಾಯಿತು. ಎಲ್ಲೆಡೆಯೂ ಆ ಪ್ರೋಗ್ರಾಂ ಓದುವುದು, ಬೀಳುವುದು, ಏಳುವುದು, ಮತ್ತೆ ಅದನ್ನೇ ಓದಿ ಬೀಳುವುದು.

ಹತ್ತು ನಿಮಿಷದಲ್ಲಿ ಅವರಿಗೆ ಕಾರಣ ಸಿಕ್ಕಿತ್ತು, ಆ ತಪಾಸಣೆಯನ್ನೇ ಆರಿಸಿಬಿಡುವ ತುರ್ತು ಗುಂಡಿ ನಲವತ್ತು ನಿಮಿಷದಲ್ಲಿ ಎಲ್ಲೆಡೆ ತಲುಪಿತ್ತು. ಹಾಗಿದ್ದೂ ಅಮೆರಿಕದ ಒಂದು ದೊಡ್ಡ ಪ್ರದೇಶ ಪೂರ್ತಿ ಸುಧಾರಿಸಲು ಸುಮಾರು ಎರಡು ಗಂಟೆ ನಲವತ್ತು ನಿಮಿಷ ಬೇಕಾಯಿತು. ಬಿದ್ದವೆಲ್ಲ ಒಟ್ಟಿಗೇ ಎದ್ದು ಒಂದೇ ಭಂಡಾರದ ಬಾಗಿಲು ಬಡಿದವು, ಭಂಡಾರ ಆ ನೂಕುನುಗ್ಗಲಿಗೆ ಬಸವಳಿಯಿತು. ಕ್ಲೌಡ್‌ಫ್ಲೇರ್, ಸ್ಪಾಟಿಫೈನಂಥ ಹೊರಗಿನ ಸೇವೆಗಳಿಗೂ ಪೆಟ್ಟು ಬಿತ್ತು. ಗೂಗಲ್ ಇದನ್ನೆಲ್ಲ ತಾನೇ ವರದಿ ಬರೆದು ಹೇಳಿಕೊಂಡಿತು. ಶಿರಸಿಯಲ್ಲಿ ಇಲ್ಲದ್ದು ಒಂದು ಕಡತ, ಅಲ್ಲಿ ಇಲ್ಲದ್ದು ಕೆಲವು ಅಂಕಣದ ಮಾಹಿತಿ. ನಮ್ಮ ಗೇಟ್‌ವೇ ಇಲ್ಲದ್ದರ ಹೆಸರು ಹೇಳಿತು, ಅದಕ್ಕೇ ನಾನು ಅದರ ಪಕ್ಷ.

ಹೆಸರು ಹೇಳಿದರೂ ಓದುವ ಕಣ್ಣು ಬೇಕು. ಸಂದೇಶದ ಜತೆ ಒಂದು ಸಣ್ಣ ಅಂಕಿ ಬರುತ್ತದೆ. 2 ಎಂದಿದ್ದರೆ ಕಡತ ಇಲ್ಲ. 13 ಎಂದಿದ್ದರೆ ಕಡತ ಇದೆ, ಓದುವ ಅನುಮತಿ ಇಲ್ಲ. ಲಿನಕ್ಸಿನಲ್ಲಿ 98 ಎಂದರೆ ಕಾನ್ಫಿಗ್ಗಿನ ದೋಷವೇ ಅಲ್ಲದಿರಬಹುದು, ಆ ಪೋರ್ಟಿನಲ್ಲಿ ಈಗಾಗಲೇ ಬೇರೆ ಯಾರೋ ಕೂತಿದ್ದಾರೆ. 13 ಕಂಡ ಕೂಡಲೇ ಎಲ್ಲರಿಗೂ ಎಲ್ಲ ಅನುಮತಿ ಎಂದು 777 ಹೊಡೆದು ಕೈತೊಳೆದುಕೊಳ್ಳುವ ರೂಢಿ ನಮ್ಮಲ್ಲಿ ಧಾರಾಳ. ಸರ್ಟಿಫಿಕೇಟಿನ ಖಾಸಗಿ ಕೀಲಿಯ ಮೇಲೆ ಅದನ್ನು ಮಾಡಿದವರ ಕೈಗೆ ನಾನಂತೂ ಯಾವ ಸರ್ವರನ್ನೂ ಕೊಡುವುದಿಲ್ಲ. ಹಾಗೇ, ಪರೀಕ್ಷೆಯ ಆದೇಶವನ್ನು ಆಡಳಿತಗಾರನ ಹಕ್ಕಿಲ್ಲದೆ ಕೊಟ್ಟರೂ 13 ಬರುತ್ತದೆ. ಕೀಲಿಯ ಫೋಲ್ಡರ್ ಸಾಮಾನ್ಯ ಬಳಕೆದಾರರಿಗೆ ಮುಚ್ಚಿರುತ್ತದೆ, ಅದು ಹಾಗೇ ಇರಬೇಕಾದದ್ದು. ಅದನ್ನೇ ರೋಗವೆಂದುಕೊಂಡು ಮದ್ದು ಮಾಡಲು ಹೊರಡಬಾರದು.

ಇನ್ನು, ಇರುವ ಕಡತ ಇಲ್ಲ ಎನ್ನುವ ಪ್ರಸಂಗಗಳು. ನನಗೆ ಇವೇ ಹೆಚ್ಚು ರುಚಿ.

ಮೊದಲನೆಯದು ಚುಕ್ಕಿಯ ಕಡತ. ಪಾಸ್‌ವರ್ಡ್, ಕೀಲಿ ಇತ್ಯಾದಿಗಳನ್ನು ‘ಡಾಟ್ ಎನ್ವ್’ ಎಂಬ ಕಡತದಲ್ಲಿಡುವುದು ಈಗಿನ ಪದ್ಧತಿ. ಚುಕ್ಕಿಯಿಂದ ಶುರುವಾಗುವ ಹೆಸರುಗಳನ್ನು ಯೂನಿಕ್ಸ್ ಸಂತತಿಯ ಯಂತ್ರಗಳು ಪಟ್ಟಿಯಲ್ಲಿ ತೋರಿಸುವುದಿಲ್ಲ. ಯಾರೂ ಕೂತು ಯೋಚಿಸಿ ಹೀಗೆ ಮಾಡಿದ್ದಲ್ಲವಂತೆ. ಯೂನಿಕ್ಸ್ ತಂಡದಲ್ಲಿದ್ದ ರಾಬ್ ಪೈಕ್ ಹೇಳಿರುವ ಪ್ರಕಾರ, ಒಂದು ಚುಕ್ಕಿ, ಎರಡು ಚುಕ್ಕಿಯ ಎರಡೇ ವಿಶೇಷ ಹೆಸರುಗಳನ್ನು ಮರೆಮಾಡಲು ಹೋಗಿ, ಮೊದಲ ಅಕ್ಷರ ಚುಕ್ಕಿಯೇ ಎಂದು ಮಾತ್ರ ನೋಡುವ ಅವಸರದ ಸಾಲು ಬರೆದರು, ಚುಕ್ಕಿಯ ಹೆಸರುಗಳೆಲ್ಲ ಮರೆಯಾದವು. ಆ ಅವಸರದ ಫಲ ನಾವಿನ್ನೂ ಉಣ್ಣುತ್ತಿದ್ದೇವೆ. ಹಳೆಯ ಯಂತ್ರದಿಂದ ಹೊಸದಕ್ಕೆ ‘ಎಲ್ಲವನ್ನೂ’ ನಕ್ಷತ್ರ ಚಿಹ್ನೆ ಹಾಕಿ ನಕಲು ಮಾಡಿದಾಗ ಈ ಕಡತ ಹಿಂದೆ ಉಳಿಯುತ್ತದೆ. ಕೋಡ್ ಕೂಡಿಡುವ ಗಿಟ್‌ನಿಂದ ತಂದರಂತೂ ಬರುವುದೇ ಇಲ್ಲ, ಗುಟ್ಟುಗಳನ್ನು ಗಿಟ್ಟಿಗೆ ಹಾಕಬಾರದೆಂದು ನಾವೇ ಹೊರಗಿಟ್ಟಿರುತ್ತೇವೆ. ಹೊಸ ಯಂತ್ರದಲ್ಲಿ ಏಳದ ಗೇಟ್‌ವೇಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಕೈಯಿಂದ ಓಡಿಸಿದರೆ ಓಡುತ್ತದೆ, ಸಿಸ್ಟಂಡಿ ಓಡಿಸಿದರೆ ಓಡುವುದಿಲ್ಲ ಎಂಬ ದೂರು ಇದರ ಮಗ್ಗುಲಿನದು. ನನ್ನ ಜತೆ ಕೆಲಸ ಮಾಡುವ ಹುಡುಗ ಒಮ್ಮೆ ತಲೆ ಮೇಲೆ ಕೈ ಹೊತ್ತು ಕೂತಿದ್ದ. “ಅಕ್ಕಾ, ನನ್ನ ಕೈಯಾಗ ಚಲೋ ನಡೀತೈತಿ, ಸರ್ವಿಸ್ ಅಂತ ಹಾಕಿದ್ರ ಮಾತ್ರ ಬೀಳ್ತೈತಿ ನೋಡ್ರಿ.” ಅವನು ಲಾಗಿನ್ ಆದಾಗ ಅವನ ಖಾತೆಯ ಕಡತದಿಂದ ಕೆಲವು ಮೌಲ್ಯಗಳು ತಾವಾಗಿ ತುಂಬಿಕೊಳ್ಳುತ್ತಿದ್ದವು. ಸೇವೆ ನಡೆಯುವುದು ಬೇರೊಬ್ಬ ಬಳಕೆದಾರನ ಹೆಸರಿನಲ್ಲಿ, ಅವನ ಕಡತ ಅದಕ್ಕೆ ಯಾಕೆ ಕಂಡೀತು? ಸೇವೆಯ ಕಡತದಲ್ಲಿ, ಈ ಮೌಲ್ಯಗಳನ್ನು ಇಂಥಲ್ಲಿಂದ ಓದು ಎಂದು ಒಂದು ಸಾಲು ಬರೆಯಬೇಕು. ಆ ಸಾಲಿನಲ್ಲಿ ಕಡತದ ದಾರಿಯ ಆರಂಭಕ್ಕೆ ಒಂದು ಅಡ್ಡಗೆರೆ ಇದ್ದರೆ, ಕಡತ ಇಲ್ಲದಿದ್ದರೂ ಪರವಾಗಿಲ್ಲ ಎಂದರ್ಥ. ಯಾರದೋ ಮಾದರಿಯಿಂದ ನಕಲಾಗಿ ಬಂದ ಆ ಒಂದು ಗೆರೆ, ಇಲ್ಲದ ಕಡತದ ಬಗ್ಗೆ ಸಿಸ್ಟಂಡಿಯ ಬಾಯಿ ಮುಚ್ಚಿಸಿಬಿಡುತ್ತದೆ. ಬಿದ್ದ ಸೇವೆಯನ್ನು ಮತ್ತೆ ಮತ್ತೆ ಎಬ್ಬಿಸು ಎಂದು ಬರೆದಿರುವ ಕಡೆ ಇನ್ನೊಂದು ತೊಂದರೆ. ಮಾಮೂಲು ಮಿತಿಯ ಪ್ರಕಾರ ಹತ್ತು ಸೆಕೆಂಡಿನಲ್ಲಿ ಐದು ಸಲ ಎಬ್ಬಿಸಿ ನೋಡಿ, ಬಹಳ ಬೇಗ ಬೇಗ ಕೇಳುತ್ತಿದ್ದೀರಿ ಎಂದು ಸಿಸ್ಟಂಡಿ ಕೈಚೆಲ್ಲುತ್ತದೆ. ಕಣ್ಣಿಗೆ ಬೀಳುವುದು ಈ ಮಾತು. ಮೂಲ ಕಾರಣ ಮೊದಲ ಸಲ ಬಿದ್ದಾಗಿನ ಸಾಲಿನಲ್ಲಿ, ಬಹಳ ಮೇಲೆ.

ಡಾಕರ್‌ನದು ಕಿಡಿಗೇಡಿತನ. ಹೊರಗಿನ ಕಡತವೊಂದನ್ನು ಪೊಟ್ಟಣದೊಳಗೆ ತೋರಿಸು ಎಂದು ಹಳೆಯ ರೀತಿಯಲ್ಲಿ, ‘ವಿ’ ಅಕ್ಷರದ ಆಯ್ಕೆಯಿಂದ ಹೇಳಿದಾಗ, ಆ ಕಡತ ಅಲ್ಲಿಲ್ಲದಿದ್ದರೆ ಅದು ತಕರಾರು ಮಾಡುವುದಿಲ್ಲ. ಅದೇ ಹೆಸರಿನಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿಬಿಡುತ್ತದೆ! ಆಮೇಲೆ ನೀವು ಹೋಗಿ ನೋಡಿದರೆ ಆ ಹೆಸರು ಕಾಣುತ್ತದೆ, ಇದೆಯಲ್ಲ ಎಂದುಕೊಳ್ಳುತ್ತೀರಿ. ಒಳಗಿನ ಗೇಟ್‌ವೇ ಮಾತ್ರ, ಇದು ಕಡತವಲ್ಲ, ಫೋಲ್ಡರ್ ಎಂದು ಗೋಳಾಡುತ್ತಿರುತ್ತದೆ. ‘ಮೌಂಟ್’ ಎಂಬ ಹೊಸ ಆಯ್ಕೆಯಲ್ಲಿ ಹೇಳಿದರೆ ನೇರವಾಗಿ ದೋಷ ಕೊಟ್ಟು ನಿಲ್ಲುತ್ತದೆ. ನಾನು ಹಳೆಯದನ್ನು ಬಳಸುವುದು ಬಿಟ್ಟಿದ್ದೇನೆ.

ಕನ್ನಡದವರಿಗೇ ಮೀಸಲಾದ ಒಂದನ್ನು ಹೇಳದೆ ಬಿಡುವ ಹಾಗಿಲ್ಲ. ಮೈಸೂರಿನ ಒಂದು ಪ್ರಕಾಶನ ಸಂಸ್ಥೆಯಲ್ಲಿ ಉತ್ಸಾಹಿಗಳು ಫೋಲ್ಡರುಗಳಿಗೆಲ್ಲ ಕನ್ನಡದಲ್ಲೇ ಹೆಸರಿಟ್ಟಿದ್ದರು. ನನಗೂ ಖುಷಿಯೇ. ಗೇಟ್‌ವೇ ತನ್ನ ದಿನಚರಿ ಬರೆಯುವ ಫೋಲ್ಡರಿಗೆ ‘ಲಾಗ್’ ಎಂದು ಹೆಸರು. ಎಂಜಿನ್‌ಎಕ್ಸ್ ಲಾಗ್ ಕಡತವನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ, ಫೋಲ್ಡರನ್ನು ಸೃಷ್ಟಿಸುವುದಿಲ್ಲ, ಅದು ಮೊದಲೇ ಇರಬೇಕು. ಏಳಲಿಲ್ಲ. ಅಂಕಿ 2, ಅಂಥದ್ದಿಲ್ಲ. ಫೋಲ್ಡರ್ ನೋಡಿದರೆ ಕಣ್ಣ ಮುಂದೆ ಇದೆ. ಕಾನ್ಫಿಗ್ಗಿನಲ್ಲಿ ಬರೆದ ಹೆಸರಿಗೂ ಇದಕ್ಕೂ ಒಂದು ಕೊಂಬಿನಷ್ಟೂ ವ್ಯತ್ಯಾಸವಿಲ್ಲ.

ವ್ಯತ್ಯಾಸ ಇತ್ತು, ಕಣ್ಣಿಗೆ ಕಾಣುವಂಥದ್ದಲ್ಲ. ಕನ್ನಡದಲ್ಲಿ ಅರ್ಧಾಕ್ಷರ ಮುಂದಿನದರ ಜತೆ ಒತ್ತಕ್ಷರವಾಗಿ ಕೂಡಿಕೊಳ್ಳದಿರಲಿ ಎಂದು ಟೈಪ್ ಮಾಡುವಾಗ ನಡುವೆ ಒಂದು ಅಗಲವಿಲ್ಲದ, ಕಾಣದ ಅಕ್ಷರ ಹಾಕುತ್ತೇವೆ. ಯೂನಿಕೋಡಿನಲ್ಲಿ ಅದಕ್ಕೆ ತನ್ನದೇ ಸಂಖ್ಯೆ ಇದೆ. ಕೆಲವು ಕೀಲಿಮಣೆಗಳು, ಪರಿವರ್ತಕ ತಂತ್ರಾಂಶಗಳು ಪದದ ಕೊನೆಯ ಅರ್ಧಾಕ್ಷರದ ಮುಂದೆಯೂ ಅದನ್ನು ಸೇರಿಸಿಬಿಡುತ್ತವೆ. ಫೋಲ್ಡರಿಗೆ ಹೆಸರಿಟ್ಟವರ ಕಂಪ್ಯೂಟರ್ ಸೇರಿಸಿತ್ತು, ಕಾನ್ಫಿಗ್ ಬರೆದವರದು ಸೇರಿಸಿರಲಿಲ್ಲ. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಆ ಕಾಣದ ಅಕ್ಷರಕ್ಕೂ ಮೂರು. ಲ, ದೀರ್ಘ, ಗ, ಹಲಂತ ಸೇರಿ ‘ಲಾಗ್’ ಎಂಬುದು 12 ಬೈಟ್ ಆಗಬೇಕು. ಕಾನ್ಫಿಗ್ಗಿನಲ್ಲಿ ಎಣಿಸಿದರೆ 12, ಫೋಲ್ಡರಿನ ಹೆಸರು ಎಣಿಸಿದರೆ 15. ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು. ಫೋಲ್ಡರಿನ ಹೆಸರು ಬದಲಿಸಿದೆ. ಕನ್ನಡ ಹೆಸರು ಬೇಡವೆಂದು ನಾನು ಹೇಳಲಿಲ್ಲ. ಸರ್ವರಿನ ಫೋಲ್ಡರುಗಳ ಹೆಸರು ಸ್ವರದಲ್ಲಿ ಕೊನೆಯಾಗಲಿ ಎಂದೆ. ಈಗ ಅಲ್ಲಿ ‘ದಿನಚರಿ’ ಎಂಬ ಫೋಲ್ಡರ್ ಇದೆ.

ಎಲ್ಲ ಸರಿಯಿದ್ದೂ ಒಮ್ಮೊಮ್ಮೆ ಏಳದಿರುವುದುಂಟು. ಹಿಂದಿನ ಪ್ರೋಗ್ರಾಂ ಬೇರೆ ಯಂತ್ರದಲ್ಲಿದ್ದು, ಅದನ್ನು ಹೆಸರಿನಿಂದ ಕರೆದಿದ್ದರೆ, ಎಂಜಿನ್‌ಎಕ್ಸ್ ಸಾಮಾನ್ಯವಾಗಿ ಏಳುವಾಗಲೇ ಆ ಹೆಸರಿನ ವಿಳಾಸ ಹುಡುಕುತ್ತದೆ. ಕರೆಂಟ್ ಬಂದ ಮೇಲೆ ಸರ್ವರ್ ಬೇಗ ಎದ್ದು ರೂಟರ್ ಇನ್ನೂ ಆಕಳಿಸುತ್ತಿದ್ದರೆ ಹೆಸರು ಸಿಗುವುದಿಲ್ಲ, ಗೇಟ್‌ವೇ ನಿಂತುಬಿಡುತ್ತದೆ. ಐದು ನಿಮಿಷ ಬಿಟ್ಟು ಎಬ್ಬಿಸಿದರೆ ಏನೂ ಆಗದಂತೆ ಎದ್ದು ಕೂರುತ್ತದೆ. ನೆಟ್‌ವರ್ಕ್ ಬಂದ ಮೇಲೆ ಮಾತ್ರ ಏಳು ಎಂದು ಸೇವೆಯ ಕಡತದಲ್ಲಿ ಬರೆದರೆ ಬಹುಪಾಲು ತೀರುತ್ತದೆ.

ಈಗ ನಾನು ಗಿರಾಕಿಗಳ ಹತ್ತಿರ ಜಗಳವಾಡಿ ಒಪ್ಪಿಸುತ್ತಿರುವುದು ಬೇಕೆಂದೇ ಮಾಡುವ ರೀಸ್ಟಾರ್ಟ್. ರಜೆಯ ದಿನ ನೋಡಿ, ಬೆಳಕಿರುವಾಗ, ನಾನು ಎದುರಿಗಿರುವಾಗ ಸರ್ವರನ್ನು ಪೂರ್ತಿ ಆರಿಸಿ ಎಬ್ಬಿಸುವುದು. ಚೆನ್ನಾಗಿ ನಡೆಯುತ್ತಿರುವುದನ್ನು ಯಾಕೆ ಆರಿಸಬೇಕು ಎಂದು ಎಲ್ಲರದೂ ಒಂದೇ ರಾಗ. ನೆನಪಿನ ಮೇಲೆ ನಡೆಯುತ್ತಿದೆಯೋ, ಕಡತದ ಮೇಲೆ ನಡೆಯುತ್ತಿದೆಯೋ ಎಂದು ತಿಳಿಯಲು ನನಗೆ ಬೇರೆ ದಾರಿ ಗೊತ್ತಿಲ್ಲ. ಬರೀ ಪರೀಕ್ಷೆಯ ಆದೇಶ ಕಾನ್ಫಿಗ್ಗನ್ನು ನೋಡುತ್ತದೆ, ರೂಟರ್ ಆಕಳಿಸುವುದನ್ನು ನೋಡುವುದಿಲ್ಲ.

ಸರ್ಟಿಫಿಕೇಟುಗಳ ಕಾರಣದಿಂದ ಇದು ಇನ್ನು ಮುಂದೆ ಹೆಚ್ಚು ಕಾಡಲಿದೆ. ಬಹುತೇಕ ಸಣ್ಣ ಸಂಸ್ಥೆಗಳು ಬಳಸುವ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್ ಮೊದಲಿಂದಲೂ 90 ದಿನದ್ದು, ಅದು ತಾನಾಗಿ ನವೀಕರಣವಾಗುವಂತೆ ಮಾಡಿಟ್ಟಿರುತ್ತೇವೆ. ದುಡ್ಡು ಕೊಟ್ಟು ತಂದು ಕೈಯಾರೆ ಹಾಕುವವರು ಇನ್ನೂ ಇದ್ದಾರೆ. ಬ್ರೌಸರ್ ಕಂಪನಿಗಳೂ ಸರ್ಟಿಫಿಕೇಟ್ ಕೊಡುವವರೂ ಸೇರಿದ ವೇದಿಕೆ 2025ರ ಏಪ್ರಿಲ್‌ನಲ್ಲಿ ತೀರ್ಮಾನಿಸಿದಂತೆ, ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ಕಡತ ಬದಲಾಗುವ ಸಲ ಹೆಚ್ಚಿದಷ್ಟೂ ತಪ್ಪು ಹೆಸರಿನಲ್ಲಿ ಕೂರುವ, ಅರ್ಧ ನಕಲಾಗುವ, ಅಳಿಸಿಹೋಗುವ ಅವಕಾಶವೂ ಹೆಚ್ಚು. ನವೀಕರಣವಾದ ಕೂಡಲೇ ಪರೀಕ್ಷೆಯ ಆದೇಶ ಓಡಿ, ಅದು ಪಾಸಾದರೆ ಮಾತ್ರ ರೀಲೋಡ್, ಇಲ್ಲವಾದರೆ ನನ್ನ ಫೋನಿಗೆ ಸಂದೇಶ ಬರುವ ಹಾಗೆ ಒಂದೊಂದೇ ಕಡೆ ಕೂರಿಸುತ್ತ ಬಂದಿದ್ದೇನೆ. ಕೈಯಾರೆ ಹಾಕುವವರು ಇನ್ನೂ ಕೆಲವರು ಉಳಿದಿದ್ದಾರೆ. ಅವರಲ್ಲೊಬ್ಬರು, 47 ದಿನಕ್ಕೊಮ್ಮೆ ನೀವೇ ಬಂದು ಹಾಕಿಕೊಡಿ ಮೇಡಂ, ಓಡಾಟದ ಖರ್ಚು ಕೊಡುತ್ತೇವೆ ಎಂದಿದ್ದಾರೆ. ಬರುವುದಿಲ್ಲ ಎಂದು ಹೇಳಿದ್ದೇನೆ.